ಮುಚ್ಚಿದ ತೂಬುಗಳು: ಗ್ರಾಫಿಕ್ಸ್ ಕಾರ್ಡಿನಲ್ಲಿ ಅಡಗಿದ ಸಾಮರ್ಥ್ಯ

ಕೆರೆಯಲ್ಲಿ ನೀರು ಎಷ್ಟೇ ತುಂಬಿರಲಿ, ತೂಬು ತೆರೆದಷ್ಟೇ ಗದ್ದೆಗೆ ಹರಿಯುತ್ತದೆ. ತೂಬಿನ ಬಳಿ ನಿಂತ ನೀರುಗಂಟಿಯು ಕೆರೆಯ ಒಡೆಯನಲ್ಲ. ನೀರನ್ನು ಹೆಚ್ಚಿಸಬಲ್ಲವನೂ ಅಲ್ಲ. ಆದರೂ ಯಾವ ತೂಬು ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದು ಅವನ ಕೈಯಲ್ಲಿರುವುದರಿಂದ ಊರಿನ ಬೆಳೆಯೇ ಅವನನ್ನು ಅವಲಂಬಿಸಿರುತ್ತದೆ. ಗಣಕಯಂತ್ರದ ಒಳಗೂ ಇಂಥ ನೀರುಗಂಟಿಯೊಬ್ಬನಿದ್ದಾನೆ. ಅವನಿಗೆ ಡ್ರೈವರ್ ಅಥವಾ ಚಾಲಕ ತಂತ್ರಾಂಶವೆಂದು ಹೆಸರು. ಈ ತಂತ್ರಾಂಶವನ್ನು ಮಾರ್ಪಡಿಸಿ, ಅಲ್ಪಬೆಲೆಯ ಸಾಧನದಿಂದ ಅಧಿಕಬೆಲೆಯ ಸಾಧನದ ಕೆಲಸವನ್ನು ಪಡೆದ ಪ್ರಸಂಗವೊಂದು ೨೦೦೨–೦೩ರ ಸುಮಾರಿಗೆ ನಡೆಯಿತು. ಅದು ಎಷ್ಟು ಸ್ವಾರಸ್ಯಕರವೋ ಅಷ್ಟೇ ವಿಚಾರಾರ್ಹವಾದುದು.

ಗಣಕಯಂತ್ರದ ಪರದೆಯ ಮೇಲೆ ಕಾಣುವ ಚಿತ್ರವು ಅಸಂಖ್ಯಾತ ಬಿಂದುಗಳ ಸಮೂಹವೇ ಹೊರತು ಬೇರೇನಲ್ಲ. ಅಡ್ಡಕ್ಕೆ ೧೦೨೪, ಉದ್ದಕ್ಕೆ ೭೬೮ ಬಿಂದುಗಳುಳ್ಳ ಪರದೆಯಲ್ಲಿ ಒಟ್ಟು ೭,೮೬,೪೩೨ ಬಿಂದುಗಳಾಗುತ್ತವೆ. ಚಿತ್ರವು ಚಲಿಸಬೇಕಾದರೆ ಇವುಗಳಲ್ಲಿ ಪ್ರತಿಯೊಂದರ ಬಣ್ಣವನ್ನೂ ಸೆಕೆಂಡಿಗೆ ಹತ್ತಾರು ಬಾರಿ ಗಣಿಸಬೇಕು. ಈ ಕಾಯಕಕ್ಕೆಂದೇ ನಿಯಮಿತವಾದ ಸಾಧನವು ಗ್ರಾಫಿಕ್ಸ್ ಕಾರ್ಡ್. ಅದರ ಮುಖ್ಯ ಚಿಪ್ಪಿನಲ್ಲಿ ಪೈಪ್‌ಲೈನ್‌ಗಳೆಂಬ ಗಣನೆಯ ಕಾಲುವೆಗಳು ಅಕ್ಕಪಕ್ಕದಲ್ಲಿ ಏಕಕಾಲಕ್ಕೆ ದುಡಿಯುತ್ತವೆ. ಯಂತ್ರವು ಎಚ್ಚತ್ತೊಡನೆ ಡ್ರೈವರ್ ತಂತ್ರಾಂಶವು ಚಿಪ್ಪಿನ ಗುರುತಿನ ಸಂಖ್ಯೆಯನ್ನು ಓದಿಕೊಂಡು, ಇದು ಇಂಥ ಮಾದರಿ, ಇದರಲ್ಲಿ ಇಷ್ಟು ಕಾಲುವೆಗಳು ಎಂದು ನಿರ್ಣಯಿಸಿ ಅದರಂತೆ ಅದನ್ನು ನಡೆಸುತ್ತದೆ.

ಕೆನಡಾ ದೇಶದ ಒಂಟಾರಿಯೋ ಪ್ರಾಂತದ ಮಾರ್ಕಂ ನಗರದಲ್ಲಿ ಎ.ಟಿ.ಐ. ಎಂಬ ಸಂಸ್ಥೆಯಿತ್ತು, ೨೦೦೬ರಲ್ಲಿ ಅದು ಎ.ಎಂ.ಡಿ. ಸಂಸ್ಥೆಯಲ್ಲಿ ವಿಲೀನವಾಯಿತು. ಈ ಸಂಸ್ಥೆಯು ೨೦೦೨ರಲ್ಲಿ ಆರ್ ೩೦೦ ಎಂಬ ಚಿಪ್ಪನ್ನು ಹೊರತಂದಿತು. ಹತ್ತು ಕೋಟಿಗೂ ಮೇಲ್ಪಟ್ಟ ಟ್ರಾನ್ಸಿಸ್ಟರ್‌ಗಳನ್ನು ಒಳಗೊಂಡ ಈ ಚಿಪ್ಪಿನಲ್ಲಿ ಎಂಟು ಕಾಲುವೆಗಳಿದ್ದವು. ಎಂಟೂ ತೆರೆದಿದ್ದ ಕಾರ್ಡು ರೇಡಿಯಾನ್ ೯೭೦೦ ಎಂಬ ಹೆಸರಿನಿಂದ ಹೆಚ್ಚಿನ ಬೆಲೆಗೆ ಮಾರಾಟವಾಯಿತು. ಅದೇ ವರ್ಷ ಅದೇ ಚಿಪ್ಪನ್ನು ಹೊತ್ತ, ಆದರೆ ನಾಲ್ಕು ಕಾಲುವೆಗಳನ್ನು ಮಾತ್ರ ತೆರೆದಿಟ್ಟ ಕಾರ್ಡು ರೇಡಿಯಾನ್ ೯೫೦೦ ಎಂಬ ಹೆಸರಿನಿಂದ ಕಡಿಮೆ ಬೆಲೆಗೆ ದೊರೆಯಿತು. ಎರಡರ ಮಿಡಿತವೂ ಸೆಕೆಂಡಿಗೆ ೨೭.೫ ಕೋಟಿ. ಮಿಡಿತಕ್ಕೆ ಕಾಲುವೆಯೊಂದಕ್ಕೆ ಒಂದು ಬಿಂದುವಿನಂತೆ ಲೆಕ್ಕವಿಟ್ಟರೆ ಮೊದಲನೆಯದು ಸೆಕೆಂಡಿಗೆ ೨೨೦ ಕೋಟಿ ಬಿಂದುಗಳನ್ನೂ ಎರಡನೆಯದು ೧೧೦ ಕೋಟಿ ಬಿಂದುಗಳನ್ನೂ ಬಿಡಿಸಬಲ್ಲುದಾಗಿತ್ತು.

ಇದ್ದ ಶಕ್ತಿಯನ್ನು ಮುಚ್ಚಿಡುವುದೇಕೆ ಎಂಬ ಸಂದೇಹ ಇಲ್ಲಿ ಸಹಜವಾಗಿ ಏಳುತ್ತದೆ. ಅದಕ್ಕೆ ಎರಡು ಕಾರಣಗಳುಂಟು. ಚಿಪ್ಪುಗಳನ್ನು ಸಿಲಿಕಾನ್ ಬಿಲ್ಲೆಯೊಂದರ ಮೇಲೆ ಒಟ್ಟೊಟ್ಟಿಗೆ ರಚಿಸುತ್ತಾರೆ. ಧೂಳಿನ ಕಣವೊಂದು ಬಿದ್ದರೂ ಸಾಕು, ಅಲ್ಲಿಯ ಭಾಗವು ಕೆಡುತ್ತದೆ. ಎಂಟರಲ್ಲಿ ಒಂದು ಕಾಲುವೆ ಕೆಟ್ಟಿತೆಂದು ಇಡೀ ಚಿಪ್ಪನ್ನು ಎಸೆಯುವ ಬದಲು, ಕೆಟ್ಟ ಭಾಗವನ್ನು ಮುಚ್ಚಿ ಕಡಿಮೆ ಬೆಲೆಗೆ ಮಾರುವುದು ವಿವೇಕವೇ ಸರಿ. ಎರಡನೆಯ ಕಾರಣ ವ್ಯಾಪಾರಕ್ಕೆ ಸಂಬಂಧಿಸಿದುದು. ಅಗ್ಗದ ಕಾರ್ಡುಗಳಿಗೆ ಬೇಡಿಕೆ ಹೆಚ್ಚಿ, ದೋಷವುಳ್ಳ ಚಿಪ್ಪುಗಳು ಸಾಲದೆ ಹೋದಾಗ, ನಿರ್ದುಷ್ಟವಾದ ಚಿಪ್ಪುಗಳ ಕಾಲುವೆಗಳನ್ನೂ ಮುಚ್ಚಿ ಕೆಳದರ್ಜೆಯ ಹೆಸರಿನಲ್ಲಿ ಮಾರಬೇಕಾಗುತ್ತದೆ. ಹೀಗಾಗಿ ಒಂದೇ ಹೆಸರನ್ನು ಹೊತ್ತ ಎರಡು ಕಾರ್ಡುಗಳಲ್ಲಿ ಒಂದು ನಿಜವಾಗಿಯೂ ಅಂಗಹೀನವಾಗಿರಬಹುದು. ಇನ್ನೊಂದು ಸರ್ವಾಂಗಪೂರ್ಣವಾಗಿಯೂ ಸುಮ್ಮನೆ ಕುಳಿತಿರಬಹುದು. ಹೊರಗಿನ ಹೆಸರಿನಿಂದ ಒಳಗಿನ ಈ ಭೇದ ತಿಳಿಯದು.

ಕಾರ್ಡು ಮಾರುಕಟ್ಟೆಗೆ ಬಂದ ಕೆಲವೇ ತಿಂಗಳುಗಳಲ್ಲಿ ಆಸಕ್ತರು ಈ ರಹಸ್ಯವನ್ನು ಭೇದಿಸಿದರು. ಮಾರ್ಪಡಿಸಿದ ಡ್ರೈವರ್‌ಗಳು ಬಳಕೆಗೆ ಬಂದವು. ರಷ್ಯಾದ ತಂತ್ರಾಂಶಕಾರ ಅಲೆಕ್ಸೀ ನಿಕೊಲಾಯ್ಚುಕ್ ರಚಿಸಿದ ರಿವಾಟ್ಯೂನರ್ ಎಂಬ ತಂತ್ರಾಂಶವೂ ಇದಕ್ಕೆ ಸಾಧನವಾಯಿತು. ಇವುಗಳ ಕಾರ್ಯವಿಧಾನ ಸರಳವಾದುದು. ಚಿಪ್ಪಿನ ಗುರುತನ್ನು ಓದಿ ನಾಲ್ಕೇ ಕಾಲುವೆಗಳೆಂದು ತೀರ್ಮಾನಿಸುವ ಭಾಗವನ್ನು ಡ್ರೈವರಿನಲ್ಲಿ ತಿದ್ದಿ, ಎಂಟನ್ನೂ ತೆರೆಯುವಂತೆ ಮಾಡುವುದಷ್ಟೇ. ಚಿಪ್ಪಿಗೆ ಹೊಸದಾಗಿ ಏನನ್ನೂ ಸೇರಿಸಿದಂತಾಗಲಿಲ್ಲ. ನೀರುಗಂಟಿಯ ಕೈಗೆ ಬೇರೊಂದು ಆಜ್ಞಾಪತ್ರವನ್ನು ಕೊಟ್ಟಂತಾಯಿತು.

ಆದರೆ ಫಲವು ಎಲ್ಲರಿಗೂ ಸಮನಾಗಿ ದೊರೆಯಲಿಲ್ಲ. ಚಿಪ್ಪು ನಿರ್ದುಷ್ಟವಾಗಿದ್ದವರ ಕಾರ್ಡು ದುಬಾರಿಯ ಕಾರ್ಡಿನಂತೆಯೇ ದುಡಿಯಿತು. ಮುಚ್ಚಿದ ಕಾಲುವೆಯು ನಿಜವಾಗಿಯೂ ಕೆಟ್ಟಿದ್ದವರ ಪರದೆಯ ಮೇಲೆ ಚದುರಂಗದ ಹಾಸಿನಂತಹ ಚೌಕಗಳು ಮೂಡಿ ಚಿತ್ರವು ವಿಕೃತವಾಯಿತು. ಅಂಥವರು ಮೂಲ ಡ್ರೈವರಿಗೆ ಮರಳಿದರೆ ಕಾರ್ಡು ಹಿಂದಿನಂತಾಗುತ್ತಿದ್ದುದು ಪುಣ್ಯ. ಮತ್ತೊಂದು ಮಿತಿಯೂ ಇತ್ತು. ಚಿಪ್ಪಿಗೂ ನೆನಪಿನ ಕೋಶಗಳಿಗೂ ನಡುವಣ ದಾರಿಯು ಕೆಲವು ೯೫೦೦ ಕಾರ್ಡುಗಳಲ್ಲಿ ೨೫೬ ಬಿಟ್‌ಗಳಷ್ಟೂ, ಉಳಿದವುಗಳಲ್ಲಿ ೧೨೮ ಬಿಟ್‌ಗಳಷ್ಟೂ ಅಗಲವಾಗಿತ್ತು. ಇದು ಹಲಗೆಯ ಮೇಲೆ ತಾಮ್ರದ ಗೆರೆಗಳಲ್ಲಿ ರಚಿತವಾದ ದಾರಿ. ಯಾವ ತಂತ್ರಾಂಶವೂ ಇದನ್ನು ಅಗಲಗೊಳಿಸಲಾರದು. ಆಜ್ಞೆಯಿಂದ ಮುಚ್ಚಿದ್ದನ್ನು ಆಜ್ಞೆಯಿಂದ ತೆರೆಯಬಹುದು; ಇಲ್ಲದುದನ್ನು ಆಜ್ಞೆಯಿಂದ ಉಂಟುಮಾಡಲಾಗದು.

ಮುಂದೆ ತಯಾರಕರೂ ಎಚ್ಚತ್ತರು. ಬೇಡದ ಭಾಗದ ಸಂಪರ್ಕವನ್ನು ಚಿಪ್ಪಿನಲ್ಲಿಯೇ ಶಾಶ್ವತವಾಗಿ ಕಡಿದುಹಾಕುವ ಪದ್ಧತಿ ರೂಢಿಗೆ ಬಂದಿತು. ಆದರೂ ಡ್ರೈವರಿನ ಮಹತ್ತ್ವ ಕುಗ್ಗಲಿಲ್ಲ. ಎನ್‌ವಿಡಿಯಾ ಸಂಸ್ಥೆಯು ೨೦೨೧ರ ಫೆಬ್ರುವರಿಯಲ್ಲಿ ಆರ್‌ಟಿಎಕ್ಸ್ ೩೦೬೦ ಎಂಬ ಕಾರ್ಡನ್ನು ತಂದಾಗ, ಈಥೀರಿಯಂ ಎಂಬ ಗೂಢಲಿಪಿ ನಾಣ್ಯದ ಗಳಿಕೆಗಾಗಿ ಅದನ್ನು ಬಳಸಿದರೆ ವೇಗವು ಸುಮಾರು ಅರ್ಧಕ್ಕೆ ಇಳಿಯುವಂತೆ ನಿರ್ಬಂಧಿಸಿತ್ತು. ಮರು ತಿಂಗಳೇ ಆ ಸಂಸ್ಥೆಯು ಪ್ರಾಯೋಗಿಕವಾಗಿ ಪ್ರಕಟಿಸಿದ ೪೭೦.೦೫ ಎಂಬ ಡ್ರೈವರಿನಲ್ಲಿ, ತಮ್ಮವರ ಉಪಯೋಗಕ್ಕೆಂದು ಬರೆದುಕೊಂಡಿದ್ದ ಭಾಗವೊಂದು ಕಣ್ತಪ್ಪಿನಿಂದ ಉಳಿದುಹೋಗಿ, ಕೆಲವು ಸಂದರ್ಭಗಳಲ್ಲಿ ಆ ನಿರ್ಬಂಧವೇ ಸಡಿಲವಾಯಿತು. ಸಂಸ್ಥೆಯು ಅದನ್ನು ಒಪ್ಪಿಕೊಂಡು ಆ ಡ್ರೈವರನ್ನು ಹಿಂತೆಗೆದುಕೊಂಡಿತು. ಬೀಗವನ್ನು ಮಾಡಿದವರೇ ಬೀಗದ ಕೈಯನ್ನು ಬಾಗಿಲಲ್ಲಿ ಮರೆತಂತಾಯಿತು.

ಇಷ್ಟರಿಂದ ಮಾರ್ಪಡಿಸಿದ ಡ್ರೈವರ್ ಸರ್ವಥಾ ಗ್ರಾಹ್ಯವೆಂದು ಭಾವಿಸಬಾರದು. ಡ್ರೈವರ್ ಯಂತ್ರದ ಹೃದಯಸ್ಥಾನದಲ್ಲಿ ನೆಲಸುವ ತಂತ್ರಾಂಶ. ಅಪರಿಚಿತರು ತಿದ್ದಿದ ಡ್ರೈವರನ್ನು ಒಳಗೆ ಬಿಟ್ಟುಕೊಳ್ಳುವುದು ಮನೆಯ ಉಗ್ರಾಣದ ಬೀಗದ ಕೈಯನ್ನು ದಾರಿಹೋಕನಿಗೆ ಒಪ್ಪಿಸಿದಂತೆ. ಈ ಕಾರಣದಿಂದಲೇ ವಿಂಡೋಸ್ ವಿಸ್ಟಾದ ೬೪ ಬಿಟ್ ಆವೃತ್ತಿಯಿಂದ ಮೊದಲ್ಗೊಂಡು ಇಂಥ ಡ್ರೈವರ್‌ಗಳಿಗೆ ಅಧಿಕೃತ ಅಂಕಿತವನ್ನು ಕಡ್ಡಾಯಗೊಳಿಸಲಾಯಿತು. ದಾನಿಗಳು ದಾಸೋಹಭಾವದಿಂದ ಶಾಲೆಗೆ ಅರ್ಪಿಸಿದ ಗಣಕಯಂತ್ರಗಳಲ್ಲಿ ಇಂಥ ಪ್ರಯೋಗಕ್ಕೆ ಎಡೆಯಿಲ್ಲ. ಹತ್ತಾರು ಮಕ್ಕಳ ವಿದ್ಯೆಯ ಸಾಧನವು ಒಬ್ಬರ ಕುತೂಹಲಕ್ಕೆ ಪಣವಾಗಬಾರದು. ತನ್ನ ಸ್ವಂತ ಕಾರ್ಡನ್ನು ತಾನು ಪರೀಕ್ಷಿಸಿ ನೋಡುವುದು ಒಂದು; ಹಾಗೆ ತಿದ್ದಿದ ಕಾರ್ಡನ್ನು ಮೇಲ್ದರ್ಜೆಯದೆಂದು ಹೇಳಿ ಮತ್ತೊಬ್ಬರಿಗೆ ಮಾರುವುದು ಇನ್ನೊಂದು. ಮೊದಲನೆಯದು ಜಿಜ್ಞಾಸೆ, ಎರಡನೆಯದು ವಂಚನೆ.

ಈ ಪ್ರಸಂಗದ ಸಾರವು ಯಂತ್ರಕ್ಕಷ್ಟೇ ಮೀಸಲಾದುದಲ್ಲ. ಶಾಲೆಯೂ ಮಕ್ಕಳಿಗೆ ಅಂಕಗಳನ್ನು ನೀಡಿ ದರ್ಜೆಗಳ ಹೆಸರಿಡುತ್ತದೆ. ಆ ಹೆಸರು ಒಮ್ಮೆ ಅಂಟಿಕೊಂಡಿತೆಂದರೆ, ಮುಂದಿನ ತರಗತಿಯ ಉಪಾಧ್ಯಾಯರು ಡ್ರೈವರಿನಂತೆ ಗುರುತಿನ ಸಂಖ್ಯೆಯನ್ನಷ್ಟೇ ಓದಿಕೊಂಡು, ಈ ಹುಡುಗನಲ್ಲಿ ನಾಲ್ಕೇ ಕಾಲುವೆಗಳೆಂದು ತೀರ್ಮಾನಿಸಿಬಿಡುವ ಅಪಾಯವುಂಟು. ಉಳಿದ ನಾಲ್ಕು ಕೆಟ್ಟಿವೆಯೋ ಅಥವಾ ಯಾರೂ ತೆರೆದು ನೋಡಲಿಲ್ಲವೋ ಎಂದು ವಿಚಾರಿಸುವವರು ವಿರಳ. ವ್ಯಕ್ತಿಯನ್ನು ಹುಟ್ಟಿನ ಹೆಸರಿನಿಂದಲ್ಲದೆ ಕಾಯಕದಿಂದ ಅಳೆಯಬೇಕೆಂದು ಸಾರಿದ ಶರಣರ ನಾಡಿನಲ್ಲಿ ಈ ಮಾತನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಎಲ್ಲ ಮಕ್ಕಳ ಮೇಲೂ ಸಮನಾದ ಭಾರವನ್ನು ಹೊರಿಸಿದರೆ ಕೆಲವರ ಪರದೆ ಚೌಕಚೌಕವಾಗಿ ಒಡೆದೀತು ಎಂಬುದೂ ಅಷ್ಟೇ ಸತ್ಯ. ಆದುದರಿಂದ ತೂಬನ್ನು ಮೆಲ್ಲನೆ ತೆರೆದು, ನೀರು ಹರಿಯುವ ಬಗೆಯನ್ನು ಕಣ್ಣಾರೆ ಕಂಡು, ಅಗತ್ಯವಿದ್ದರೆ ಮತ್ತೆ ಮುಚ್ಚಿ, ಕಾಲ ಕೂಡಿಬಂದಾಗ ಪುನಃ ತೆರೆದು ನೋಡುವ ತಾಳ್ಮೆಯೇ ಉತ್ತಮ ನೀರುಗಂಟಿಯ ಲಕ್ಷಣ. ಉತ್ತಮ ಗುರುವಿನ ಲಕ್ಷಣವೂ ಅದೇ.