ಓಡುವವನು ಒಬ್ಬ, ಓಡಿಸುವುದು ಓಣಿ

ಬೆಳಗಿನ ಐದು ಗಂಟೆಗೆ ಕಸ್ಬಾದ ಬೀದಿಯಲ್ಲಿ ಓಡುವ ಮನುಷ್ಯನನ್ನು ಕಂಡರೆ ಮೊದಲು ನಾಯಿಗಳಿಗೆ ಸಂಶಯ, ಆಮೇಲೆ ಮನುಷ್ಯರಿಗೆ. ಮೂವತ್ತು ದಾಟಿ, ಹೊಟ್ಟೆ ಮುಂದೆ ಬಂದು, ಸರಕಾರಿ ಕಚೇರಿಯ ಕುರ್ಚಿಯಲ್ಲಿ ಹತ್ತು ವರುಷ ಸವೆಸಿದ ನಮ್ಮಂಥ ಗುಮಾಸ್ತರು ಓಡತೊಡಗಿದರೆ ಆ ಸಂಶಯ ಇಮ್ಮಡಿಯಾಗುವುದು ಸಹಜವೇ. ಮೊದಲ ವಾರದಲ್ಲಿ ನಮ್ಮನ್ನು ತಡೆದು, “ಏನು ದಾದಾ, ರೈಲು ತಪ್ಪಿತೇ?” ಎಂದು ವಿಚಾರಿಸಿದವರು ಮೂವರು. ಬಾಲಿಗಂಜ್ ಸ್ಟೇಷನ್ನು ಹತ್ತಿರದಲ್ಲೇ ಇರುವುದರಿಂದ ಅವರ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ನಮ್ಮ ಮನೆಯಾಕೆಯ ಪ್ರಶ್ನೆ ಇದಕ್ಕಿಂತ ಕಠಿಣವಾಗಿತ್ತು. “ಅಷ್ಟು ದೂರ ಓಡಿ ಎಲ್ಲಿಗೆ ಹೋಗ್ತೀರಿ? ತಿರುಗಿ ಇಲ್ಲಿಗೇ ಬರೂದೈತಲ್ರೀ!” ಈ ಪ್ರಶ್ನೆಗೆ ನಮ್ಮಲ್ಲಿ ಅಂದು ಉತ್ತರವಿರಲಿಲ್ಲ. ನಮಗೆ ತಿಳಿದದ್ದು ಇಷ್ಟೆ: ನಮ್ಮ ತಂದೆಯವರು ಐವತ್ತೆಂಟರಲ್ಲಿ ಸಕ್ಕರೆ ಬೇನೆಯಿಂದ ತೀರಿಕೊಂಡರು, ಆ ಬೇನೆ ನಮ್ಮ ಹೊಸ್ತಿಲಿಗೂ ಬಂದು ನಿಂತಿದೆಯೆಂದು ವೈದ್ಯರು ಹೇಳಿದ್ದರು. “ಗುಳಿಗೆ ಬರೆಯುವ ಮೊದಲು ಆರು ತಿಂಗಳು ಕಾಲಿಗೆ ಕೆಲಸ ಕೊಟ್ಟು ನೋಡಿ” ಎಂದದ್ದೂ ಅವರೇ.

ಬೆಳಗಾವಿ ಸೀಮೆಯವರಾದ ನಮಗೆ ಆಗ ನೆನಪಾದ ಹೆಸರು ಫಡೆಪ್ಪ ದರೆಪ್ಪ ಚೌಗುಲೆ. ನಮ್ಮ ಮಕ್ಕಳಲ್ಲಿ ಎಷ್ಟು ಜನರಿಗೆ ಈ ಹೆಸರು ಗೊತ್ತಿದೆಯೋ ಕಾಣೆವು. ಆದಕಾರಣ ನಾಲ್ಕು ಮಾತು ಬರೆಯುತ್ತೇವೆ.

೧೯೧೯ರ ಸುಮಾರಿಗೆ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟವನ್ನು ಅದರ ಅಧ್ಯಕ್ಷರಾಗಿದ್ದ ಸರ್ ದೊರಾಬ್ಜಿ ಟಾಟಾ ನೋಡಿದರು. ಓಡುತ್ತಿದ್ದವರು ಹೊಲಮನೆಯ ಹುಡುಗರು. ಕಾಲಲ್ಲಿ ಬೂಟಿಲ್ಲ, ಶಾಸ್ತ್ರೀಯವಾದ ತಾಲೀಮಿಲ್ಲ, ಓಟದ ಕಟ್ಟುಕಟ್ಟಳೆಯ ಪರಿಚಯವೂ ಇಲ್ಲ. ಆದರೂ ಅವರು ಓಡಿದ ವೇಗ ಯುರೋಪಿನವರಿಗೆ ಬಹಳ ಹಿಂದೆ ಬಿದ್ದದ್ದಲ್ಲವೆಂಬುದನ್ನು ದೊರಾಬ್ಜಿಯವರು ಕಂಡುಕೊಂಡರು. ಬೆಲ್ಜಿಯಮ್ ದೇಶದ ಆಂಟ್‌ವರ್ಪ್ ನಗರದಲ್ಲಿ ೧೯೨೦ರಲ್ಲಿ ನಡೆಯಲಿದ್ದ ಒಲಿಂಪಿಕ್ಸಿಗೆ ಇವರನ್ನೇಕೆ ಕಳುಹಿಸಬಾರದು ಎಂದು ಮುಂಬಯಿ ಗವರ್ನರರ ಬೆಂಬಲ ಕೇಳಿದರು. ಖರ್ಚಿನ ದೊಡ್ಡ ಭಾರವನ್ನು ತಾವೇ ಹೊತ್ತರು. ಹೀಗೆ ಸಮುದ್ರ ದಾಟಿದ ಚಿಕ್ಕ ತಂಡದಲ್ಲಿ ಬೆಳಗಾವಿಯ ಚೌಗುಲೆಯೂ ಇದ್ದರು. ನಮ್ಮ ಬಂಗಾಳಿ ನೆರೆಯವರಿಗೆ ನಾವು ತಪ್ಪದೆ ಹೇಳುವ ಇನ್ನೊಂದು ಮಾತುಂಟು: ಆ ತಂಡದ ಧ್ವಜ ಹಿಡಿದು ಮೆರವಣಿಗೆಯಲ್ಲಿ ಮುಂದೆ ನಡೆದವರು ಬಂಗಾಳದ ಓಟಗಾರ ಪೂರ್ಮಾ ಬ್ಯಾನರ್ಜಿ.

೧೯೨೦ರ ಆಗಸ್ಟ್ ೨೨ರಂದು ಮ್ಯಾರಥಾನ್ ನಡೆಯಿತು. ಇಂದಿನ ಮ್ಯಾರಥಾನಿನ ದೂರ ೪೨.೧೯೫ ಕಿಲೋಮೀಟರ್, ಅಂದಿನದು ೪೨.೭೫. ಫಿನ್ಲೆಂಡಿನ ಹಾನೆಸ್ ಕೊಲೆಹ್ಮೈನೆನ್ ೨ ಗಂಟೆ ೩೨ ನಿಮಿಷಗಳಲ್ಲಿ ಗೆದ್ದರು. ನಮ್ಮ ಚೌಗುಲೆ ೨ ಗಂಟೆ ೫೦ ನಿಮಿಷಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಲೆಕ್ಕ ಹಾಕಿದರೆ ಕಿಲೋಮೀಟರಿಗೆ ನಾಲ್ಕೇ ನಿಮಿಷ! ಪದಕವೇನೂ ಬರಲಿಲ್ಲ. ಆದರೆ ಬೂಟಿನ ರೂಢಿಯಿಲ್ಲದೆ ಬೆಳೆದ ಹುಡುಗರ ನಡುವಿನಿಂದ ಎದ್ದು ಹೋದವರೊಬ್ಬರು ಗೆದ್ದವನಿಗಿಂತ ಹದಿನೆಂಟು ನಿಮಿಷ ಮಾತ್ರ ಹಿಂದೆ ಉಳಿದದ್ದು ಸಣ್ಣ ಮಾತಲ್ಲ.

ಇಂಥವರ ಹೆಸರು ಹೇಳಿಕೊಂಡು ನಾವು ಮೊದಲ ದಿನ ಓಡಿದ್ದು ಎರಡು ವಿದ್ಯುತ್ ಕಂಬಗಳ ನಡುವಿನಷ್ಟು ದೂರ. ಆಮೇಲೆ ಕಂಬ ಹಿಡಿದು ನಿಂತೆವು.

ಅಭ್ಯಾಸದ ಕ್ರಮವನ್ನು ಕೇಳುವ ಬಂಧುಗಳಿಗಾಗಿ ಅನುಭವದಿಂದ ಕಲಿತದ್ದನ್ನು ಹೇಳಿಬಿಡುತ್ತೇವೆ. ಆರಂಭದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಓಡುವಾಗ ಜೊತೆಗಾರನೊಡನೆ ಒಂದು ಪೂರ್ಣ ವಾಕ್ಯ ಆಡಲು ಬರಬೇಕು. ಬಾರದಿದ್ದರೆ ವೇಗ ಹೆಚ್ಚಾಯಿತೆಂದೇ ಅರ್ಥ. ವಾರದಲ್ಲಿ ನಾಲ್ಕು ದಿನ ಸಾಕು. ಅದರಲ್ಲಿ ಮೂರು ದಿನ ನಿಧಾನದ ಸಣ್ಣ ಓಟ, ಭಾನುವಾರ ಒಂದು ಉದ್ದ ಓಟ. ಆ ಉದ್ದವನ್ನು ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು; ನಾಲ್ಕನೆಯ ವಾರ ಇಳಿಸಬೇಕು. ಎದೆ ಬೇಗ ಪಳಗುತ್ತದೆ, ಮೊಣಕಾಲು ಮತ್ತು ಸ್ನಾಯುಬಂಧಗಳು ತಡವಾಗಿ ಪಳಗುತ್ತವೆ. ಉಮೇದಿನಿಂದ ಅವಸರಪಟ್ಟವರೇ ಹೆಚ್ಚಾಗಿ ಕುಂಟುವುದು.

ನಮ್ಮ ದಾರಿ ಕಸ್ಬಾದಿಂದ ಬಿಜನ್ ಸೇತು ಹತ್ತಿ ಇಳಿದು, ಗರಿಯಾಹಾಟ್, ಗೋಲ್ ಪಾರ್ಕ್ ಹಾದು ರವೀಂದ್ರ ಸರೋವರದವರೆಗೆ. ಕೋಲ್ಕತ್ತ ಅಂಗೈಯಂತೆ ಸಮತಟ್ಟಾದ ಊರು. ಗುಡ್ಡ ಹತ್ತುವ ಅಭ್ಯಾಸ ಬೇಕೆಂದವನಿಗೆ ಸೇತುವೆಗಳೇ ಗುಡ್ಡ. ಸರೋವರವಂತೂ ಬಡವನ ಜಿಮಖಾನಾ. ೧೯೨೦ರ ದಶಕದಲ್ಲಿ ನಗರಸುಧಾರಣಾ ಟ್ರಸ್ಟಿನವರು ಜೌಗುನೆಲವನ್ನು ಅಗೆಸಿ ಮಾಡಿದ ಕೆರೆಯಿದು. ಮೊದಲು ಢಾಕುರಿಯಾ ಲೇಕ್ ಎನ್ನುತ್ತಿದ್ದರು, ೧೯೫೮ರಲ್ಲಿ ಕವಿಗುರುವಿನ ಹೆಸರು ಬಂತು. ಬೆಳಗಿನಲ್ಲಿ ಅಲ್ಲಿ ನಡೆಯುವ ಅಜ್ಜಂದಿರು, ದೋಣಿ ಹುಟ್ಟು ಹಾಕುವ ಹುಡುಗರು, ನಗುವುದನ್ನೇ ವ್ಯಾಯಾಮ ಮಾಡಿಕೊಂಡವರು, ಎಲ್ಲರಿಗೂ ಜಾಗವುಂಟು.

ಇಲ್ಲಿಯ ಹವೆಯನ್ನು ಮಾತ್ರ ಹಗುರಾಗಿ ಎಣಿಸಬಾರದು. ನಮ್ಮೂರಿನಲ್ಲಿ ಬೆವರು ಬಂದರೆ ಗಾಳಿಗೆ ಆರಿ ಮೈ ತಂಪಾಗುತ್ತದೆ. ಇಲ್ಲಿ ಗಾಳಿಯೇ ನೀರು ಕುಡಿದು ಕುಳಿತಿರುವುದರಿಂದ ಬೆವರು ಆರುವುದಿಲ್ಲ, ಮೈಯ ಕಾವು ಮೈಯಲ್ಲೇ ನಿಲ್ಲುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಎರಡನೆಯ ವರುಷದ ಜೂನ್ ತಿಂಗಳಲ್ಲಿ, ಒಂದು ಭಾನುವಾರ, ನೀರು ಉಪ್ಪಿನ ಗೊಡವೆಯಿಲ್ಲದೆ ಹತ್ತು ಕಿಲೋಮೀಟರು ಮುಗಿಸಿಯೇ ತೀರುತ್ತೇವೆಂಬ ಹಟದಿಂದ ಹೊರಟವರು ಮನೆಗೆ ಇನ್ನೂರು ಗಜವಿರುವಾಗ ಕಣ್ಣು ಕತ್ತಲಿಟ್ಟು ಕುಸಿದೆವು.

ಎಚ್ಚರವಾದಾಗ ನಾವು ಪಾಡಾ ಕ್ಲಬ್ಬಿನ ಕೇರಂ ಬೋರ್ಡಿನ ಪಕ್ಕದ ಬೆಂಚಿನ ಮೇಲೆ ಮಲಗಿದ್ದೆವು. ಪಾಡಾ ಎಂದರೆ ನಮ್ಮ ಕಡೆಯ ಓಣಿ. ಪ್ರತಿ ಪಾಡಾಕ್ಕೂ ಒಂದು ಕ್ಲಬ್ಬು. ಅದರಲ್ಲಿ ಕೇರಂ, ಹರಟೆ, ವರುಷಕ್ಕೊಮ್ಮೆ ದುರ್ಗಾಪೂಜೆ, ನಡುವೆ ರಕ್ತದಾನ ಶಿಬಿರ. ಆ ಹುಡುಗರನ್ನು ಕೆಲಸವಿಲ್ಲದವರೆಂದು ನಾವು ಅದುವರೆಗೆ ಮನಸ್ಸಿನಲ್ಲೇ ಬದಿಗಿಟ್ಟಿದ್ದೆವು. ಪೂಜೆಯ ಚಂದಾ ಕೊಟ್ಟು ಬಾಗಿಲು ಹಾಕಿಕೊಳ್ಳುವುದಷ್ಟೇ ನಮ್ಮ ಸಂಬಂಧ. ಅಂದು ಅವರಲ್ಲೊಬ್ಬ ತಲೆಗೆ ತಣ್ಣೀರು ಹನಿಸುತ್ತಿದ್ದ, ಒಬ್ಬ ಬೀಸಣಿಗೆ ಹಿಡಿದಿದ್ದ, ಮತ್ತೊಬ್ಬ ಮಹಡಿ ಹತ್ತಿ ನಮ್ಮ ಮನೆಯಾಕೆಯನ್ನು “ಬೌದಿ, ಹೆದರಬೇಡಿ” ಎನ್ನುತ್ತ ಕರೆತಂದಿದ್ದ. ಆರು ವರುಷ ಆ ಓಣಿಯಲ್ಲಿದ್ದೂ ಅವರೊಬ್ಬರ ಹೆಸರೂ ನಮಗೆ ಗೊತ್ತಿರಲಿಲ್ಲ. ಅವರಿಗೆ ನಮ್ಮ ಮನೆ, ಮಗಳ ಶಾಲೆ, ನಾವು ಓಡುವ ಹೊತ್ತು ಎಲ್ಲವೂ ಗೊತ್ತಿತ್ತು. ತಲೆಸುತ್ತಿಗಿಂತ ಆ ನಾಚಿಕೆಯೇ ನಮಗೆ ಹೆಚ್ಚು ಹೊತ್ತು ಉಳಿಯಿತು.

ಮರುವಾರವೇ ಕ್ಲಬ್ಬಿನ ಸದಸ್ಯರಾದೆವು. ಜನವರಿ ೨೩, ನೇತಾಜಿ ಜಯಂತಿ, ಈ ಊರಿನಲ್ಲಿ ಓಣಿಓಣಿಯಲ್ಲೂ ಧ್ವಜ ಏರಿಸುವ ದಿನ. ಆ ದಿನ ಮಕ್ಕಳಿಗೆ ಓಟವೊಂದನ್ನು ಏರ್ಪಡಿಸೋಣವೆಂದು ನಾವು ಸೂಚಿಸಿದೆವು. ಓಡಿಸಲು ಹುರುಪಿನ ಹುಡುಗರಿದ್ದರು. ಪೊಲೀಸ್ ಠಾಣೆಗೆ ಅರ್ಜಿ, ವಾರ್ಡಿಗೆ ಅರ್ಜಿ, ಪ್ರಥಮ ಚಿಕಿತ್ಸೆಯ ವ್ಯವಸ್ಥೆಗೆ ಅರ್ಜಿ ಬರೆಯುವವರು ಇರಲಿಲ್ಲ. ಅರ್ಜಿ ಬರೆಯುವುದು ನಮ್ಮ ಹೊಟ್ಟೆಪಾಡು. ಈ ಕಸಬು ಊರಿಗೆ ಉಪಯೋಗವಾದೀತೆಂದು ನಾವು ಎಂದೂ ಎಣಿಸಿರಲಿಲ್ಲ. ಗೀತಾಂಜಲಿ ಕ್ರೀಡಾಂಗಣದವರೆಗೆ ಹೋಗಿ ಬರುವ ಆ ಓಟ ಈಗ ಮೂರು ವರುಷಗಳಿಂದ ತಪ್ಪದೆ ನಡೆಯುತ್ತಿದೆ.

ನಮ್ಮ ಸಂಘದ ಮಕ್ಕಳೂ ಭಾನುವಾರದ ಅಭ್ಯಾಸಕ್ಕೆ ಬರತೊಡಗಿದರು. ಓಡುವ ಮೊದಲು ಮೈ ಸಡಿಲಿಸುವಾಗ ನಾವು ಬಾಯಿರೂಢಿಯಿಂದ “ಒಂದು, ಎರಡು, ಮೂರು” ಎಂದು ಎಣಿಸುತ್ತೇವೆ. ನಾಲ್ಕು ವಾರಗಳಲ್ಲಿ ಪಾಡಾದ ಹುಡುಗರೆಲ್ಲರೂ ಇಪ್ಪತ್ತರವರೆಗೆ ಕನ್ನಡದಲ್ಲಿ ಎಣಿಸತೊಡಗಿದರು. ಬೀದಿಯಲ್ಲಿ ನಾವು ಕನ್ನಡ ಮಾತಾಡಿದರೆ ಸೆರಗು ಜಗ್ಗಿ “ಮೆಲ್ಲಗ ಮಾತಾಡವ್ವಾ” ಎಂದು ತಾಯಿಯನ್ನು ತಡೆಯುತ್ತಿದ್ದ ನಮ್ಮ ಮಗಳು ಈಗ, ಅವರು “ಏಲು” ಎಂದರೆ “ಏಲು ಅಲ್ಲ, ಏಳು!” ಎಂದು ಗಟ್ಟಿಯಾಗಿ ತಿದ್ದುತ್ತಾಳೆ. ಉಪದೇಶದಿಂದ ಆಗದ ಕೆಲಸ ಇದರಿಂದ ಆಯಿತು.

ಕಳೆದ ಡಿಸೆಂಬರಿನಲ್ಲಿ ರೆಡ್ ರೋಡಿನ ೨೫ ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆವು. ೨೦೧೪ರಿಂದ ನಡೆದುಬಂದ ಈ ಓಟಕ್ಕೆ ಜಗತ್ತಿನ ದೊಡ್ಡ ಓಟಗಾರರು ಬರುತ್ತಾರೆ. ೨೦೨೩ರಲ್ಲಿ ಕೆನ್ಯಾದ ಡೇನಿಯಲ್ ಎಬೆನ್ಯೊ ಇದನ್ನು ೧ ಗಂಟೆ ೧೧ ನಿಮಿಷಗಳಲ್ಲಿ ಓಡಿ ಮುಗಿಸಿದರು. ನಮಗೆ ಹಿಡಿದದ್ದು ೩ ಗಂಟೆ ೧೨ ನಿಮಿಷ. ಹದಿನೆಂಟನೆಯ ಕಿಲೋಮೀಟರಿನಲ್ಲಿ ಕಾಲು ಮರವಾಗಿ, ಇನ್ನು ಕೂರೋಣವೆಂದು ನೋಡುತ್ತಿರುವಾಗ ರಸ್ತೆಯ ಅಂಚಿನಿಂದ ಹತ್ತು ಹನ್ನೆರಡು ಕಂಠಗಳು ಒಟ್ಟಿಗೆ ಕೂಗಿದವು: “ಒಂದು! ಎರಡು! ಮೂರು!” ಕಸ್ಬಾದ ಹುಡುಗರು ಮೊದಲ ಬಸ್ಸು ಹಿಡಿದು ಬಂದಿದ್ದರು. ಅವರ ಎಣಿಕೆಗೆ ಹೆಜ್ಜೆ ಹಾಕುತ್ತ ಉಳಿದ ದಾರಿ ಸವೆಸಿದೆವು.

ಆಂಟ್‌ವರ್ಪಿನ ದಾರಿಯಲ್ಲಿ ಚೌಗುಲೆಯವರಿಗೆ ಹೀಗೆ ಕನ್ನಡದಲ್ಲಿ ಎಣಿಸುವವರು ಇದ್ದಿರಲಾರರು. ಆದರೂ ಅವರನ್ನು ಅಲ್ಲಿಯವರೆಗೆ ತಲುಪಿಸಿದ್ದು ಪುಣೆಯ ಮೈದಾನದಲ್ಲಿ ಕಣ್ಣು ತೆರೆದು ನೋಡಿದವರು, ಕೈ ಬಿಚ್ಚಿ ಕೊಟ್ಟವರು. ನಮ್ಮ ಅಳತೆಗೆ ನಮಗೆ ಅದೇ ಭಾಗ್ಯ ದೊರೆಯಿತು.

ಸಕ್ಕರೆ ಈಗ ಹತೋಟಿಯಲ್ಲಿದೆ. ವೈದ್ಯರು ಇನ್ನೂ ಗುಳಿಗೆ ಬರೆದಿಲ್ಲ. ಮನೆಗೆ ಬಂದು ಪದಕ ತೋರಿಸಿದಾಗ ಮನೆಯಾಕೆ ಅದನ್ನು ದೇವರ ಮುಂದಿಟ್ಟು, “ತಿರುಗಿ ಇಲ್ಲಿಗೇ ಬಂದ್ರಲ್ಲ, ಅಷ್ಟ ಸಾಕು” ಎಂದಳು. ಆಮೇಲೆ ಹುಡುಗರಿಗೆಲ್ಲ ಉಪ್ಪಿಟ್ಟು ಮಾಡಲು ರವೆ ಸಾಲದೆಂದು ನಮ್ಮನ್ನು ಅಂಗಡಿಗೆ ಅಟ್ಟಿದಳು. ಅಷ್ಟು ದೂರವನ್ನು ಮಾತ್ರ ನಾವು ನಡೆದೇ ಹೋದೆವು.