ದೇವರ ಚಿತ್ತ, ನಮ್ಮ ಸಮ್ಮತಿ



ಮಾರ್ಚ್ 25 ಮಂಗಳವಾರ್ತೆಯ ಹಬ್ಬ. ಸರ್ವಶಕ್ತರಾದ ದೇವರು ತಮ್ಮ ರಕ್ಷಣಾ ಯೋಜನೆಯನ್ನು ನಜರೇತಿನ ಒಬ್ಬ ಕನ್ಯೆಯ ಮುಂದಿಟ್ಟು, ಆಕೆಯ ಉತ್ತರಕ್ಕಾಗಿ ಕಾದದ್ದನ್ನು ಅಂದು ಸ್ಮರಿಸುತ್ತೇವೆ. ಎಲ್ಲವೂ ದೇವರ ಚಿತ್ತದಂತೆ ನಡೆಯುವುದಾದರೆ ನಮ್ಮ ಇಚ್ಛೆಗೆ ಬೆಲೆ ಏನು? ಈ ಪ್ರಶ್ನೆಗೆ ಹಬ್ಬವೇ ಉತ್ತರ ಕೊಡುತ್ತದೆ.

ಕುಕನೂರು ಸೀಮೆಯ ಎರೆ ಹೊಲವನ್ನು ನೋಡೋಣ. ಹಿಂಗಾರಿ ಜೋಳಕ್ಕೆ, ಕಡಲೆಗೆ ಮಳೆ ತರಿಸುವುದು ರೈತನ ಕೈಯಲ್ಲಿಲ್ಲ. ಆದರೆ ಹದ ಬಂದಾಗ ಕೂರಿಗೆ ಹೂಡದಿದ್ದರೆ ಮಳೆ ಸುರಿದೂ ಬೆಳೆಯಿಲ್ಲ. ಹಾಗಾದರೆ ಅರ್ಧ ದೇವರದು, ಅರ್ಧ ನಮ್ಮದು ಎನ್ನೋಣವೇ? ಅಲ್ಲ. ಕೂರಿಗೆ ಹಿಡಿದ ಕೈಗೆ ಬಲ ಕೊಟ್ಟವರೂ ದೇವರೇ. 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರ ಬೋಧನೆಯೂ ಇದೇ: ಮೂಲ ಕಾರಣರಾದ ದೇವರು ನಮ್ಮ ಇಚ್ಛೆಯನ್ನು ಅಳಿಸುವುದಿಲ್ಲ; ಅದು ಸ್ವತಂತ್ರವಾಗಿ ನಡೆಯುವಂತೆ ಮಾಡುತ್ತಾರೆ.

ಮನುಷ್ಯ ಸ್ವಪ್ರಯತ್ನದಿಂದಲೇ ಪಾಪವಿಲ್ಲದೆ ಬಾಳಬಲ್ಲ ಎಂದು 5ನೇ ಶತಮಾನದಲ್ಲಿ ಪೆಲಾಜಿಯನು ಕಲಿಸಿದಾಗ, ವರಪ್ರಸಾದವಿಲ್ಲದೆ ಅದು ಆಗದೆಂದು ಸಂತ ಅಗಸ್ಟೀನರು ವಾದಿಸಿದರು. 1547ರಲ್ಲಿ ಟ್ರೆಂಟ್ ಮಹಾಸಭೆ ಎರಡು ಸತ್ಯಗಳನ್ನು ಜೊತೆಯಾಗಿ ಸಾರಿತು: ದೇವರ ವರಪ್ರಸಾದವೇ ಮೊದಲು ಬಂದು ನಮ್ಮನ್ನು ಎಬ್ಬಿಸುತ್ತದೆ, ಆದರೂ ಅದನ್ನು ಒಪ್ಪುವ ಇಲ್ಲವೇ ತಳ್ಳಿಬಿಡುವ ಸ್ವಾತಂತ್ರ್ಯ ನಮಗಿದೆ. ಇವೆರಡೂ ಹೇಗೆ ಹೊಂದುತ್ತವೆ ಎಂಬ ಬಗ್ಗೆ ದೊಮಿನಿಕನ್ ಗುರುಗಳಿಗೂ ಯೇಸುಸಭೆಯ ಗುರುಗಳಿಗೂ ವಾದ ಬೆಳೆಯಿತು. ರೋಮಿನಲ್ಲಿ ನಡೆದ ದೀರ್ಘ ವಿಚಾರಣೆಯ ಬಳಿಕ 1607ರಲ್ಲಿ ಪೋಪ್ ಐದನೇ ಪೌಲರು ಯಾವ ಪಕ್ಷವನ್ನೂ ಖಂಡಿಸದೆ ಅದನ್ನು ಮುಗಿಸಿದರು. ಹೇಗೆಂಬುದು ರಹಸ್ಯವಾಗಿಯೇ ಉಳಿಯಿತು.

ನಮ್ಮ ಮನೆಗಳಲ್ಲಿ ಮಾತ್ರ ಈ ರಹಸ್ಯವನ್ನು ಸುಲಭವಾಗಿ ಮರೆಯುತ್ತೇವೆ. ಮಗ ಶಾಲೆ ಬಿಟ್ಟರೆ ‘ಹಣೆಬರಹ’ ಎನ್ನುತ್ತೇವೆ. ಮಗಳ ಮದುವೆಯನ್ನು ಆಕೆಯನ್ನು ಕೇಳದೆಯೇ ಗೊತ್ತುಮಾಡಿ ‘ದೇವರ ಚಿತ್ತ’ ಎನ್ನುತ್ತೇವೆ. ಹಣೆಬರಹ ಯಾರನ್ನೂ ಕೇಳುವುದಿಲ್ಲ. ನಮ್ಮ ದೇವರು ಕೇಳುತ್ತಾರೆ. ಮರಿಯಮ್ಮನವರು ದೂತನಿಗೆ ಮರುಪ್ರಶ್ನೆ ಹಾಕಿದರು. ಉತ್ತರ ಪಡೆದ ಮೇಲೆಯೇ ಒಪ್ಪಿದರು. ಧರ್ಮಸಭೆಯ ನಿಯಮದಲ್ಲೂ ವಧೂವರರ ಸಮ್ಮತಿಯಿಂದಲೇ ಮದುವೆಯಾಗುತ್ತದೆ. ಅದನ್ನು ಅವರ ಪರವಾಗಿ ಹೆತ್ತವರೂ ಕೊಡಲಾರರು. 18 ತುಂಬದ ಹುಡುಗಿಯನ್ನು ಧಾರೆಯೆರೆಯುವುದು ನಾಡಿನ ಕಾನೂನಿಗೂ ವಿರುದ್ಧ. ಸೃಷ್ಟಿಕರ್ತರೇ ಒಬ್ಬ ಕನ್ಯೆಯ ಒಪ್ಪಿಗೆಗಾಗಿ ಕಾದಿರುವಾಗ, ಕಾಯದೆ ತೀರ್ಮಾನಿಸುವ ಹಕ್ಕು ನಮಗೆ ಎಲ್ಲಿಂದ ಬಂತು?

ಈ ಹಬ್ಬದಂದು ನಮ್ಮ ಮಕ್ಕಳನ್ನು ಕೂರಿಸಿಕೊಂಡು ಅವರ ಮನಸ್ಸನ್ನು ಕೇಳೋಣ. ದೇವರ ಕರೆಯನ್ನು ಅರಿತು, ಮನಸಾರೆ ಒಪ್ಪುವ ವರವನ್ನು ಮಾತೆ ಮರಿಯಮ್ಮನವರ ಮೂಲಕ ಬೇಡೋಣ.