ಕಾಸು ಸಿಕ್ಕಿತು, ಕತೆ ಕಳೆಯಿತು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಯಲ್ಲಿ ನಿಧಿಯ ಕತೆ ಕೇಳದೆ ಬೆಳೆದವರು ಕಡಿಮೆ. ಹಾಳು ಗುಡಿಯ ಅಡಿಯಲ್ಲಿ ಕೊಪ್ಪರಿಗೆ ಹೊನ್ನಿದೆ, ಅದನ್ನು ಸರ್ಪವೊಂದು ಕಾಯುತ್ತಿದೆ ಎಂದು ಅಜ್ಜಿಯರು ಹೇಳುತ್ತಿದ್ದರು. ಅದನ್ನು ಪತ್ತೆ ಹಚ್ಚಲು ಅಂಜನ ಹಾಕಿ ನೋಡುವವರೂ ಇದ್ದರು. ಈಗ ಅಂಜನದ ಜಾಗಕ್ಕೆ ಒಂದು ಯಂತ್ರ ಬಂದಿದೆ. ಅದೇ ಮೆಟಲ್ ಡಿಟೆಕ್ಟರ್, ಅಂದರೆ ಲೋಹಶೋಧಕ.

ಈ ಯಂತ್ರದಲ್ಲಿ ಮಂತ್ರವೇನೂ ಇಲ್ಲ. ಉದ್ದನೆಯ ಕೋಲಿನ ತುದಿಯಲ್ಲಿರುವ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ದಿಕ್ಕು ಬದಲಿಸುವ ವಿದ್ಯುತ್ ಹರಿದಾಗ ಸುತ್ತಲೂ ಕಾಂತಕ್ಷೇತ್ರ ಏಳುತ್ತದೆ. ಮಣ್ಣಿನಲ್ಲಿ ಲೋಹದ ಚೂರಿದ್ದರೆ ಅದರೊಳಗೂ ಸಣ್ಣ ವಿದ್ಯುತ್ ಸುಳಿಗಳು ಹುಟ್ಟಿ, ತಮ್ಮದೇ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತವೆ. ಈ ವ್ಯತ್ಯಾಸವನ್ನು ಗ್ರಹಿಸಿದ ಯಂತ್ರ ಸದ್ದು ಮಾಡುತ್ತದೆ. ನಾಣ್ಯದಂಥ ಸಣ್ಣ ವಸ್ತುವಾದರೆ ಸಾಮಾನ್ಯ ಯಂತ್ರಕ್ಕೆ ಗೇಣುದ್ದದ ಆಳದಾಚೆ ಕಾಣುವುದು ಕಷ್ಟ. ಲೋಹ ಇದೆಯೆಂದು ಅದು ಹೇಳೀತು, ಯಾವ ಕಾಲದ್ದೆಂದು ಹೇಳಲಾರದು. ಸೋಡಾ ಬಾಟಲಿಯ ಮುಚ್ಚಳಕ್ಕೂ ಸದ್ದು, ಚಿನ್ನದ ವರಹಕ್ಕೂ ಸದ್ದು.

1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ದೇಹದೊಳಗಿನ ಗುಂಡನ್ನು ಹುಡುಕಲು ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಇಂಥದೇ ಉಪಕರಣ ತಯಾರಿಸಿ ಸೋತ. ಹಾಸಿಗೆಯಲ್ಲಿದ್ದ ಲೋಹದ ತಂತಿಗಳೇ ಅದರ ದಾರಿ ತಪ್ಪಿಸಿದವು ಎನ್ನುತ್ತಾರೆ.

ಈ ಸೀಮೆಯ ನೆಲದಲ್ಲಿ ನಾಣ್ಯಗಳು ಹೇಗೆ ಸೇರಿದವು? ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಶ್ರೀರಂಗಪಟ್ಟಣ ಮೈಸೂರು ಅರಸರ ರಾಜಧಾನಿಯಾಗಿತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲೂ ಆಡಳಿತದ ಕೇಂದ್ರವಾಗಿತ್ತು. ಟಂಕಸಾಲೆ ಇದ್ದದ್ದೂ ಇಲ್ಲಿಯೇ. 1771ರಲ್ಲಿ ಚಿನಕುರಳಿಯ ಬಳಿ ಮರಾಠರಿಗೂ ಹೈದರನಿಗೂ ಯುದ್ಧವಾಯಿತು. ಫ್ರೆಂಚ್ ಸೈನಿಕರು ಬೀಡುಬಿಟ್ಟ ಹಿರೋಡೆಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೇ ಬಿತ್ತು. ಅದೇ ಇಂದಿನ ಪಾಂಡವಪುರ. 1792ರಲ್ಲಿ ಕಾರ್ನ್‌ವಾಲಿಸ್‌ನ ಮುತ್ತಿಗೆ ನಡೆಯಿತು. 1799ರ ಮೇ 4ರಂದು ಕೋಟೆ ಬಿದ್ದು, ಪಟ್ಟಣ ಲೂಟಿಯಾಯಿತು. ದಂಡು ನಡೆದಲ್ಲಿ ಕಾಸು ಉದುರುತ್ತದೆ. ದಂಡು ಬರುವ ಸುದ್ದಿ ಕೇಳಿದ ಸಂಸಾರಸ್ಥ ಗಡಿಗೆಯಲ್ಲಿ ಹಣ ತುಂಬಿ ನೆಲದಲ್ಲಿ ಹೂಳುತ್ತಾನೆ. ಬ್ಯಾಂಕುಗಳಿಲ್ಲದ ಕಾಲದಲ್ಲಿ ನೆಲವೇ ತಿಜೋರಿ. ಹೂತವನು ಮರಳಿ ಬಾರದಿದ್ದರೆ ಅದು ‘ನಿಧಿ’ಯಾಗುತ್ತದೆ.

ಇಂಥ ಕಾಸನ್ನು ಓದುವುದೂ ಒಂದು ವಿದ್ಯೆ. ಟಿಪ್ಪುವಿನ ತಾಮ್ರದ ಕಾಸಿನ ಒಂದು ಮುಖದಲ್ಲಿ ಆನೆ, ಇನ್ನೊಂದರಲ್ಲಿ ಪರ್ಷಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಟಿಪ್ಪು ತನ್ನ ನಾಣ್ಯಗಳಿಗೆ ಹೆಸರುಗಳನ್ನೂ ಇಟ್ಟಿದ್ದ. ಚಿನ್ನದ್ದು ಅಹ್ಮದಿ, ಬೆಳ್ಳಿಯ ರೂಪಾಯಿ ಇಮಾಮಿ. ತಾಮ್ರದವಕ್ಕೆ ಗ್ರಹ, ನಕ್ಷತ್ರಗಳ ಹೆಸರು. ಒಂದು ಪೈಸೆಯ ಕಾಸು ಜೊಹ್ರಾ, ಅಂದರೆ ಶುಕ್ರ. ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215 ಎಂಬುದು ಗೊತ್ತಿಲ್ಲದವರ ಕಣ್ಣಿಗೆ 5121 ಆಗಿ ಕಾಣುತ್ತದೆ. ಟಂಕಸಾಲೆಗಳು ಪಟ್ಟಣದಲ್ಲಷ್ಟೇ ಅಲ್ಲ, ನಗರ, ಬೆಂಗಳೂರು, ಚಿತ್ರದುರ್ಗ, ಧಾರವಾಡಗಳಲ್ಲೂ ಇದ್ದವು. ನಗರದಲ್ಲಿ ಅಚ್ಚಾದ ಕಾಸು ನಾಗಮಂಗಲದ ಹೊಲದಲ್ಲಿ ಸಿಕ್ಕರೆ, ಮಲೆನಾಡಿನಿಂದ ಬಯಲಿಗೆ ಯಾರೋ ಬಂದದ್ದಕ್ಕೆ ಅದೊಂದು ಸುಳಿವು. ಆದರೆ ‘ನಾಗಮಂಗಲದ ಹೊಲದಲ್ಲಿ’ ಎಂಬ ಮಾತು ಕಾಸಿನ ಮೇಲೆ ಬರೆದಿರುವುದಿಲ್ಲ. ಅದು ಮಣ್ಣಿನಲ್ಲಿ ಮಾತ್ರ ಇರುತ್ತದೆ. ಯಂತ್ರ ಹಿಡಿದವನು ಕಾಸನ್ನು ಕಿತ್ತು ಜೇಬಿಗೆ ಹಾಕಿಕೊಂಡ ಕ್ಷಣವೇ ಆ ಮಾತು ಅಳಿಸಿಹೋಗುತ್ತದೆ.

ಸಿಕ್ಕ ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಚಿತ್ರದುರ್ಗದ ಚಂದ್ರವಳ್ಳಿಯೇ ಸಾಕ್ಷಿ. ಅಲ್ಲಿ 1909ರಲ್ಲಿ ಆರ್. ನರಸಿಂಹಾಚಾರ್, 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಶಾತವಾಹನರ ಕಾಲದ ನಾಣ್ಯಗಳ ಜೊತೆಗೆ ರೋಮ್‌ನ ಬೆಳ್ಳಿ ನಾಣ್ಯಗಳೂ ಅಲ್ಲಿ ಸಿಕ್ಕವು. ಚಕ್ರವರ್ತಿ ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಕದಡದ ಮಣ್ಣಿನ ಪದರವೊಂದರಲ್ಲಿ ಅವನ ನಾಣ್ಯವಿದ್ದರೆ, ಆ ಪದರ ಅವನಿಗಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ಅದೇ ಪದರದ ಮಡಕೆ ಚೂರು, ಗೋಡೆ, ಮಣಿಗಳ ಕಾಲವನ್ನೂ ಹೀಗೆ ಅಂದಾಜು ಮಾಡಬಹುದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಆದರೆ ಅವು ಉತ್ಖನನದಲ್ಲಿ ಸಿಕ್ಕಿದ್ದಲ್ಲ, ಕೆಲಸಕ್ಕೆಂದು ನೆಲ ಅಗೆಯುವಾಗ ಸಿಕ್ಕಿದ್ದು. ರೋಮ್‌ನ ಬೆಳ್ಳಿ ಇಲ್ಲಿಯವರೆಗೆ ಬಂದಿತ್ತೆಂದು ಅವು ಹೇಳಿದವು. ಹೂತವರ ಬದುಕಿನ ಬಗ್ಗೆ ಹೆಚ್ಚೇನೂ ಹೇಳಲಿಲ್ಲ.

ಹಾಗಾದರೆ ಯಂತ್ರವೇ ಕೆಟ್ಟದ್ದೇ? ಹಾಗಲ್ಲ. ಇಂಗ್ಲೆಂಡಿನ ಹಾಕ್ಸನ್ ಎಂಬ ಹಳ್ಳಿಯಲ್ಲಿ 1992ರ ನವೆಂಬರ್‌ನಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅದನ್ನು ಹುಡುಕಲು ಸ್ನೇಹಿತ ಎರಿಕ್ ಲಾಸ್ ಲೋಹಶೋಧಕ ಹಿಡಿದು ಬಂದ. ಸಿಕ್ಕಿದ್ದು ಸುಮಾರು 15 ಸಾವಿರ ರೋಮನ್ ನಾಣ್ಯಗಳ ರಾಶಿ. ಸ್ವಲ್ಪ ಅಗೆದವನು ಆಸೆಗೆ ಬೀಳದೆ ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ತಿಳಿಸಿದ. ಮರುದಿನವೇ ಪುರಾತತ್ವಜ್ಞರು ಬಂದು ಜೋಪಾನವಾಗಿ ಅಗೆದರು. ಮರದ ಪೆಟ್ಟಿಗೆ ಕೊಳೆತುಹೋಗಿದ್ದರೂ ಒಳಗೆ ಯಾವುದನ್ನು ಎಲ್ಲಿ, ಹೇಗೆ ಜೋಡಿಸಿಟ್ಟಿದ್ದರು ಎಂಬುದು ತಿಳಿದುಬಂತು. ಬ್ರಿಟಿಷ್ ಮ್ಯೂಸಿಯಂ ಆ ನಿಧಿಯನ್ನು 17.5 ಲಕ್ಷ ಪೌಂಡ್‌ಗೆ ಪಡೆಯಿತು. ಲಾಸ್ ಆ ಹಣವನ್ನು ಹೊಲದ ರೈತನೊಡನೆ ಹಂಚಿಕೊಂಡ. ಅಂದಹಾಗೆ, ಸುತ್ತಿಗೆಯೂ ಸಿಕ್ಕಿತು!

ನಮ್ಮಲ್ಲಿ ಕಾನೂನು ಇನ್ನಷ್ಟು ಬಿಗಿ. ಬ್ರಿಟಿಷರ ಕಾಲದ ನಿಧಿ ಕಾಯ್ದೆ 1878ರದ್ದು. ಕರ್ನಾಟಕಕ್ಕೆ 1962ರ ತನ್ನದೇ ನಿಧಿ ಕಾಯ್ದೆ ಇದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಮುಚ್ಚಿಡುವುದು ಅಪರಾಧ. ದರಿಯಾ ದೌಲತ್ ತೋಟ, ಗುಂಬಜ್‌ನಂಥ ಸಂರಕ್ಷಿತ ತಾಣಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ತಡೆಯುತ್ತದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ.

ಆದರೆ ಉಳುವಾಗ, ಪಾಯ ತೋಡುವಾಗ ತಾನಾಗಿಯೇ ಕಾಸು ಮೇಲೆ ಬಂದರೆ? ಮತ್ತೆ ಅಗೆಯದೆ ಜಾಗವನ್ನು ಗುರುತಿಟ್ಟು, ಎಷ್ಟು ಆಳದಲ್ಲಿ, ಯಾವುದರ ಜೊತೆಗೆ ಸಿಕ್ಕಿತೆಂದು ಬರೆದಿಟ್ಟುಕೊಂಡು, ಜಿಲ್ಲಾಡಳಿತಕ್ಕೋ ಪುರಾತತ್ವ ಇಲಾಖೆಗೋ ತಿಳಿಸುವುದು ಸರಿಯಾದ ದಾರಿ. ಇನ್ನೊಂದು ಮಾತು: ದೇವರ ಮನೆಯ ತಂಬಿಗೆ ಬೆಳಗಿದಂತೆ ಹುಣಸೆಹಣ್ಣು ಹಾಕಿ ಕಾಸನ್ನು ಉಜ್ಜಬಾರದು. ಹಸಿರು ಕಿಲುಬಿನ ಜೊತೆಗೆ ಅಕ್ಷರಗಳೂ ಹೋಗುತ್ತವೆ.

ಟಿಪ್ಪುವಿನ ತಾಮ್ರದ ಕಾಸು ಅಂದೂ ದೊಡ್ಡ ಹಣವಲ್ಲ. ಸಂತೆಯಲ್ಲಿ ಸೊಪ್ಪು ಸದೆ ಕೊಳ್ಳುವ ಬಡವನ ಕೈಯಲ್ಲಿ ಓಡಾಡಿದ್ದು. ಅರಸರ ಚರಿತ್ರೆಗೆ ಶಾಸನಗಳಿವೆ, ದಫ್ತರಗಳಿವೆ. ಆ ಬಡವ ಎಲ್ಲಿ ನಡೆದ, ಎಲ್ಲಿ ನಿಂತ, ಯಾವ ದಿನ ಹೆದರಿ ಓಡಿದ ಎಂಬುದಕ್ಕೆ ಅವನ ಕೈಜಾರಿ ಬಿದ್ದ ಕಾಸೇ ದಾಖಲೆ, ಅದು ಬಿದ್ದ ಜಾಗ ಗೊತ್ತಿದ್ದರೆ ಮಾತ್ರ.